ಬಸಣ್ಣನ ಹೊಟ್ಟೆನೋವು ನಿಂತ ಮೇಲೆ

ಪೀಣ್ಯದ ಒಂದು ಕಾರ್ಖಾನೆಯ ಆರೋಗ್ಯ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷ, ಆಮೇಲೆ ಜಾಲಹಳ್ಳಿ ಕಡೆಯ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಎಂಟು ವರ್ಷ ನರ್ಸ್ ಆಗಿದ್ದೆ. ನಿವೃತ್ತಿಯಾಗಿ ಒಂದೂವರೆ ವರ್ಷವಾಯಿತು. ಕಾರ್ಖಾನೆಗಳಿಗೆ ಹೊಸದಾಗಿ ಸೇರುವ ಹುಡುಗಿಯರು ಯಾರಿಂದಲೋ ನಂಬರ್ ತೆಗೆದುಕೊಂಡು ಈಗಲೂ ಫೋನ್ ಮಾಡುತ್ತಾರೆ. "ಸಿಸ್ಟರ್, ಕೆಲಸ ಕಷ್ಟ ಇರುತ್ತಾ?" ಎಂದು ಕೇಳುತ್ತಾರೆ. "ಏನಿಲ್ಲ ಕಣಮ್ಮ, ಮಾತ್ರೆ ಕೊಡೋದು, ಬರ್ಕೊಳ್ಳೋದು, ಅಷ್ಟೇ" ಅಂತ ಹೇಳಿ ಮುಗಿಸುತ್ತಿದ್ದೆ. ಹಾಗೆ ಹೇಳಿದ್ದು ಸುಳ್ಳು. ಮಾತ್ರೆ ಕೊಟ್ಟು ಬರೆದುಕೊಂಡೇ ನಾನು ಒಬ್ಬ ಮನುಷ್ಯನನ್ನು ಕಳೆದೆ. ಅವನ ಹೆಂಡತಿಗೆ ನಿಜ ಹೇಳಲು ನನಗೆ ಹತ್ತಿರ ಹತ್ತು ವರ್ಷ ಬೇಕಾಯಿತು. ಹೊಸಬರಿಗೆ ಹೇಳಬೇಕಾದ್ದು ನನ್ನ ಹತ್ತಿರ ಬೇರೇನೂ ಇಲ್ಲ, ಇದೊಂದೇ ಇದೆ.

ಮೊದಲು ಆ ಕೊಠಡಿಯ ವಿಷಯ. ಒಂದು ಮೇಜು, ಒಂದು ಮಂಚ, ಬಾಗಿಲಿಗೆ ಪರದೆ. ಬಂದವರು ಕೂರಲು ಒಂದು ಬೆಂಚು ಹಾಕಿಸಿಕೊಡಿ ಎಂದು ಮೂರು ವರ್ಷ ಕೇಳಿದೆ, ಹಾಕಿಸಲಿಲ್ಲ. ಆದರೆ ಗೇಟಿನ ಹತ್ತಿರ ಮಿಣಮಿಣ ಮಿನುಗುವ ದೊಡ್ಡ ಬೋರ್ಡು ಬಂತು. ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಯಾರೂ ರಜೆ ಹಾಕದೆ ಎಷ್ಟು ದಿನವಾಯಿತು ಎಂದು ಅದರಲ್ಲಿ ತೋರಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆ ಬೋರ್ಡಿನ ಅಂಕಿ ಸೊನ್ನೆಗೆ ಇಳಿದ ದಿನ ಮ್ಯಾನೇಜರ್ ಸಾಹೇಬರು ನೇರ ನನ್ನ ಕೊಠಡಿಗೆ ಬರುತ್ತಿದ್ದರು.

"ಸಿಸ್ಟರ್, ಸಣ್ಣಪುಟ್ಟದಕ್ಕೆಲ್ಲ ಮನೆಗೆ ಕಳಿಸ್ಬೇಡ್ರಿ. ಒಂದು ಮಾತ್ರೆ ಕೊಟ್ಟು ಲೈನಿಗೆ ಕಳ್ಸಿ. ನೋವು ಹೋದ್ರೆ ಆಯ್ತಲ್ಲ?"

ನೋವು ಹೋದರೆ ಆಯಿತು. ಈ ಮಾತನ್ನು ಅವರೊಬ್ಬರೇ ಹೇಳಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ನಾನೂ ಅದನ್ನೇ ನಂಬಿದ್ದೆ. ನಮ್ಮ ರಿಜಿಸ್ಟರ್‌ನಲ್ಲಿ ಹೆಸರು, ಟೋಕನ್ ನಂಬರ್, ದೂರು, ಕೊಟ್ಟ ಮಾತ್ರೆ, ಕೊನೆಗೆ "ಈಗ ನೋವು ಇದೆ / ಇಲ್ಲ" ಎಂಬ ಕಾಲಂ ಇರುತ್ತಿತ್ತು. ಮುಂದೆ ಕಂಪ್ಯೂಟರ್ ಬಂತು, ಕಾಲಂ ಹಾಗೇ ಉಳಿಯಿತು. "ಇಲ್ಲ" ಎಂದು ಒತ್ತಿದರೆ ಪರದೆಯ ಮೇಲೆ ಹಸಿರು ಬಣ್ಣ ಬಂದು, ಕೆಲಸಕ್ಕೆ ಯೋಗ್ಯ ಎಂದು ತಾನೇ ಬರೆದುಕೊಳ್ಳುತ್ತಿತ್ತು. ದಿನಕ್ಕೆ ಮೂವತ್ತು ನಲವತ್ತು ಜನ ಬರುವ ಕಡೆ ಆ ಹಸಿರು ನೋಡಿದರೆ ಮನಸ್ಸಿಗೆ ಹಾಯೆನಿಸುತ್ತಿತ್ತು.

ಕಳ್ಳರೂ ಬರುತ್ತಿದ್ದರು, ಇಲ್ಲವೆನ್ನುವುದಿಲ್ಲ. ಬಾಗಿಲ ಹೊರಗೆ ಬಿಸಿ ಚಹಾ ಬಾಯಲ್ಲಿ ಇಟ್ಟುಕೊಂಡು, ಒಳಗೆ ಬಂದು ಥರ್ಮಾಮೀಟರ್ ಕಚ್ಚಿ ನೂರಾ ನಾಲ್ಕು ಜ್ವರ ತೋರಿಸಿದ ಮಹಾನುಭಾವ ಒಬ್ಬನಿದ್ದ. "ಇಷ್ಟು ಜ್ವರ ಇದ್ರೆ ಇಂಜೆಕ್ಷನ್ನೇ ಬೇಕು ಗುರು, ಎರಡು ಕಡೆ" ಎಂದಾಗ ಜ್ವರ ಅಲ್ಲೇ ಇಳಿಯಿತು. ಇಂಥವರಿಂದ ನನಗೆ ಒಂದು ಕೆಟ್ಟ ಚಾಳಿ ಅಂಟಿತು. ದೂರು ಹೇಳುವವರನ್ನು ಅನುಮಾನಿಸುತ್ತಿದ್ದೆ, ದೂರು ಹೇಳದವರನ್ನು ಆರೋಗ್ಯವಂತರೆಂದುಕೊಳ್ಳುತ್ತಿದ್ದೆ. ಈ ಎರಡನೆಯದೇ ಹೆಚ್ಚು ಅಪಾಯ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಸಣ್ಣ ಸಿಂದಗಿ ಕಡೆಯವನು. ನಲವತ್ತರ ಆಸುಪಾಸು, ಪ್ರೆಸ್ ಶಾಪಿನಲ್ಲಿ ತಗಡು ಎತ್ತಿ ಮಷಿನ್ನಿಗೆ ಕೊಡುವ ಕೆಲಸ. ಹೆಂಡತಿ ಮಹಾದೇವಿ, ಒಬ್ಬಳು ಮಗಳು. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ನನ್ನನ್ನು ಎಲ್ಲರೂ ಸಿಸ್ಟರ್ ಎಂದರೆ ಅವನು ಮಾತ್ರ "ಬಾಯಾರ" ಎನ್ನುತ್ತಿದ್ದ. ಅವರ ಕಡೆ ಮರ್ಯಾದೆಯ ಹೆಂಗಸರನ್ನು ಕರೆಯುವ ರೀತಿ ಅದು. ಬಾಗಿಲ ಪರದೆಯ ಹೊರಗೇ ಚಪ್ಪಲಿ ಬಿಟ್ಟು, ನಾನು ತಲೆ ಎತ್ತುವ ತನಕ ಮಾತಾಡದೆ ನಿಂತಿರುತ್ತಿದ್ದ.

ಮೊದಲ ಸಲ ಬಂದಾಗ ಅವನು ಹೇಳಿದ್ದು ಹೊಟ್ಟೆಯ ವಿಷಯವೇ.

"ಬಾಯಾರ, ಹೊಟ್ಯಾಗ ಕೆಂಡ ಇಟ್ಟಂಗ ಆಗ್ಯದ್ರಿ. ಉಂಡ ಮ್ಯಾಲ ಸ್ವಲ್ಪ ತಣ್ಣಗಾಗ್ತದ, ಮತ್ತ ಸುರು ಆಗ್ತದ."

"ಏನ್ ತಿಂತೀರಾ ಬೆಳಿಗ್ಗೆ?"

"ರೊಟ್ಟಿ ರೀ. ಅದರ ಜೋಡಿ ರಂಜಕ."

ರಂಜಕ ಎಂದರೆ ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕಲ್ಲಿನಲ್ಲಿ ಕುಟ್ಟುವ ಚಟ್ನಿ. ಅವನು ಡಬ್ಬಿ ತೆಗೆದು ತೋರಿಸಿದ. ಬಣ್ಣ ನೋಡಿಯೇ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಬಾಯಿ ಮೊದಲೇ ಜೋರು.

"ಇದನ್ನ ತಿಂದು ಹೊಟ್ಟೆ ಉರೀತದೆ ಅಂತ ಬಂದಿದೀರಲ್ಲ, ಬೆಂಕಿ ನುಂಗಿ ಬಿಸಿ ಆಯ್ತು ಅಂದ ಹಾಗಾಯ್ತು! ಇವತ್ತಿಂದ ಇದು ಬಂದ್."

"ಖಾರ ಇಲ್ದ ರೊಟ್ಟಿ ಗಂಟಲ್ದಾಗ ಇಳಿಯಂಗಿಲ್ರಿ ಬಾಯಾರ," ಎಂದು ನಕ್ಕ. "ನಮ್ಮಾಕಿ ಕುಟ್ಟತಾಳ್ರಿ. ಛಲೋ ಇರ್ತದ."

ಜಗಿಯುವ ಗ್ಯಾಸ್ ಮಾತ್ರೆ ನಾಲ್ಕು ಕೊಟ್ಟು ಕಳಿಸಿದೆ. ಮಂಗಳವಾರ, ಶುಕ್ರವಾರ ಬರುವ ನಮ್ಮ ಡಾಕ್ಟರಿಗೂ ಹೇಳಿದೆ. ಒಳ್ಳೆಯ ಮನುಷ್ಯ, ಆದರೆ ನಾಲ್ಕು ಕಾರ್ಖಾನೆ ಸುತ್ತಿ ಸುಸ್ತಾಗಿ ಬರುತ್ತಿದ್ದರು. "ಖಾರ ಬಿಡ್ಸಿ, ಗ್ಯಾಸ್ ಮಾತ್ರೆ ಕೊಡಿ" ಎಂದರು. ಅದು ನನಗೂ ಗೊತ್ತಿದ್ದದ್ದೇ.

ಮುಂದಿನ ತಿಂಗಳು ಅವನ ಬಲಭುಜ ಹಿಡಿದುಕೊಂಡಿತು. ದಿನವಿಡೀ ತಗಡು ಎತ್ತುವವನಿಗೆ ಭುಜ ನೋಯದೆ ಇನ್ನೇನು? ನೋವಿನ ಮಾತ್ರೆ ಕೊಟ್ಟೆ. ಮಾರನೆಯ ದಿನ ಮತ್ತೆ ಬಂದ, ಮತ್ತೆ ಕೊಟ್ಟೆ. ಆಮೇಲೆ ಅದೊಂದು ರೂಢಿಯಾಯಿತು. ಪ್ರೆಸ್ ಶಾಪಿನವರು ಮೊದಲ ಪಾಳಿ ಶುರುವಾಗುವ ಮೊದಲು ಸಾಲಾಗಿ ಬಂದು, ನನ್ನ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಡಬ್ಬಿಯಿಂದ ತಲಾ ಒಂದು ಮಾತ್ರೆ ತೆಗೆದುಕೊಂಡು, ನೀರು ಕುಡಿದು ಹೋಗುತ್ತಿದ್ದರು. ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಂಡು ಹೋಗುವಂತೆ. ತಿಂಡಿ ತಿಂದಿದ್ದೀರಾ ಎಂದು ಕೇಳುವಷ್ಟು ಹೊತ್ತು ಆ ಸಾಲಿನಲ್ಲಿ ಇರುತ್ತಿರಲಿಲ್ಲ. ತಿಂಡಿ ಬಿಡುವು ಒಂಬತ್ತಕ್ಕೆ, ಮಾತ್ರೆ ಆರಕ್ಕೆ. ನಾಲ್ಕು ತಿಂಗಳು ಬಸಣ್ಣನ ಖಾಲಿ ಹೊಟ್ಟೆಗೆ ನಾನು ಹೀಗೆ ಮಾತ್ರೆ ಹಾಕಿಸಿದೆ.

ಒಂದು ದಿನ ಅವನು ತಾನೇ ಹೇಳಿದ. "ಬಾಯಾರ, ಹೊಟ್ಟಿ ಬ್ಯಾನಿ ನಿಂತದ್ರಿ. ಈಗ ಏನೂ ತ್ರಾಸಿಲ್ಲ."

ನಾನು ಎಷ್ಟು ಹಿಗ್ಗಿದೆನೆಂದರೆ, ಹಿಂದೆ ನಿಂತಿದ್ದವರಿಗೆಲ್ಲ ಕೇಳುವಂತೆ ಹೇಳಿದೆ: "ನೋಡಿದ್ರಾ? ಖಾರ ಕಡಿಮೆ ಮಾಡಿದ್ದಕ್ಕೆ ಹೋಯ್ತು. ಹೇಳಿದ ಮಾತು ಕೇಳಿದ್ರೆ ಹೀಗೆ." ಅವನು ಖಾರ ಕಡಿಮೆ ಮಾಡಿಯೇ ಇರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಮುಂದೆ. ಆಗ ಅವನು ತಲೆ ತಗ್ಗಿಸಿ ನಕ್ಕ, ಅಷ್ಟೇ. ಗ್ಯಾಸ್ ಮಾತ್ರೆ ನಿಲ್ಲಿಸಿ "ಇಲ್ಲ" ಎಂದು ಒತ್ತಿದೆ. ಪರದೆ ಹಸಿರಾಯಿತು.

ಆಮೇಲೆ ಎರಡು ತಿಂಗಳಿಗೆ ಅವನ ಮುಖ ಬಿಳಿಚಿಕೊಳ್ಳತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ರಕ್ತವೇ ಇಲ್ಲ. ಅವತ್ತು ಡಾಕ್ಟರು ಬರುವ ದಿನವಲ್ಲ. ಕಬ್ಬಿಣದ ಮಾತ್ರೆ ಕೊಟ್ಟು, ಸೊಪ್ಪು ತಿನ್ನಿ, ಬೆಲ್ಲ ತಿನ್ನಿ ಎಂದೆ. ರಕ್ತ ಎಲ್ಲಿಗೆ ಹೋಯಿತು ಎಂದು ಕೇಳುವ ಬದಲು ಇನ್ನಷ್ಟು ರಕ್ತ ಮಾಡಿಕೊ ಎಂದು ಹೇಳಿ ಕಳಿಸಿದೆ.

ಒಂದು ವಾರ ಕಳೆದಿರಬೇಕು. ಸಾಲಿನಲ್ಲಿ ಕೊನೆಯವನಾಗಿ ಉಳಿದು, ಎಲ್ಲರೂ ಹೋದ ಮೇಲೆ ಗೋಡೆ ನೋಡುತ್ತ ಅವನು ಹೇಳಿದ.

"ಬಾಯಾರ, ನಿಮ್ಮ ಮುಂದ ಹೇಳಬಾರ್ದು... ಹೊರಕಡಿ ಹ್ವಾದ್ರ ಕರ್ರಗ ಹೋಗ್ತದ್ರಿ. ಡಾಂಬರ ಇದ್ದಂಗ."

ಹೆಂಗಸಿನ ಮುಂದೆ ಇಂಥ ಮಾತಾಡಲು ಆ ಮನುಷ್ಯ ಎಷ್ಟು ದಿನ ಧೈರ್ಯ ಕೂಡಿಸಿಕೊಂಡಿದ್ದನೋ. ನಾನು ಕಂಪ್ಯೂಟರ್‌ನಿಂದ ತಲೆ ಎತ್ತದೆ ಹೇಳಿದೆ.

"ಕಬ್ಬಿಣದ ಮಾತ್ರೆ ತಗೊಂಡ್ರೆ ಎಲ್ಲರಿಗೂ ಕಪ್ಪಗೇ ಹೋಗೋದು. ಹೆದರ್ಬೇಡಿ. ಹೊಟ್ಟೆ ನೋವಿದೆಯಾ?"

"ಇಲ್ರಿ."

"ಮತ್ತೆ? ಹೋಗಿ ಕೆಲಸ ನೋಡ್ಕೊಳ್ಳಿ."

ಹೊಸದಾಗಿ ಸೇರುವವರೇ, ಇದನ್ನು ಎರಡು ಸಲ ಓದಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ನಿಜ. ಹೊಟ್ಟೆಯೊಳಗೆ ರಕ್ತ ಸೋರಿದರೂ ಕಪ್ಪಾಗುತ್ತದೆ, ಅದೂ ನಿಜ. ಎರಡನ್ನೂ ನರ್ಸಿಂಗ್ ಶಾಲೆಯಲ್ಲಿ ಒಂದೇ ವಾರದಲ್ಲಿ ಓದಿದ್ದೆ. ಯಾವುದೆಂದು ತಿಳಿಯಲು ಒಂದೇ ಪ್ರಶ್ನೆ ಸಾಕಿತ್ತು: ಕಪ್ಪಗೆ ಹೋಗಲು ಶುರುವಾಗಿದ್ದು ಮಾತ್ರೆಗೆ ಮೊದಲೋ, ಆಮೇಲೋ? ಕೇಳಲಿಲ್ಲ. ನೋವಿಲ್ಲ ಎಂದ ಮೇಲೆ ಕೇಳುವುದೇನಿದೆ ಎಂದುಕೊಂಡೆ.

ಐದು ದಿನದ ನಂತರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನೀರಿನ ಕೂಲರ್ ಪಕ್ಕದಲ್ಲಿ ಬಸಣ್ಣ ಕುಸಿದು ಕೂತ. ನಾನು ಓಡಿ ಹೋಗುವಷ್ಟರಲ್ಲಿ ವಾಂತಿಯಾಗಿತ್ತು, ಕಾಫಿ ಗಸಿಯ ಹಾಗೆ. ಕೈ ತಣ್ಣಗೆ, ನಾಡಿ ದಾರದಂತೆ ಓಡುತ್ತಿತ್ತು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವನು, "ಅಂಗಿ ಹೊಲಸಾತ್ರಿ ಬಾಯಾರ, ನೀವು ಆ ಕಡಿ ಸರೀರಿ" ಎನ್ನುತ್ತಿದ್ದ.

ಆಸ್ಪತ್ರೆಯ ಡಾಕ್ಟರು ಸ್ಟ್ರೆಚರ್ ಪಕ್ಕದಲ್ಲೇ ಕೇಳಿದರು. "ಕಪ್ಪಗೆ ಮೋಷನ್ ಆಗ್ತಿತ್ತಾ? ಎಷ್ಟು ದಿನದಿಂದ?"

"ತಿಂಗಳ ಮ್ಯಾಲ ಆತ್ರಿ ಸಾಹೇಬ್ರ."

ನಾನು ಕಬ್ಬಿಣದ ಮಾತ್ರೆ ಕೊಟ್ಟು ಹನ್ನೆರಡು ದಿನವಾಗಿತ್ತು. ಅಲ್ಲೇ ನಿಂತು ಬೆರಳಲ್ಲಿ ಎಣಿಸಿದೆ, ಇನ್ನೊಂದು ಸಲ ಎಣಿಸಿದೆ.

ಹೊಟ್ಟೆಯ ಗೋಡೆಯಲ್ಲಿ ದೊಡ್ಡ ಹುಣ್ಣು, ಅದು ರಕ್ತನಾಳವನ್ನೇ ತಿಂದಿತ್ತು. ರಕ್ತ ಕೊಟ್ಟರು, ಆಪರೇಷನ್ ಮಾಡಿದರು. ಎರಡನೆಯ ದಿನ ಮಧ್ಯಾಹ್ನ ಬಸಣ್ಣ ಹೋದ.

ಕಾರಿಡಾರಿನಲ್ಲಿ ಮಹಾದೇವಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಊರಿಂದ ಬಂದ ಅತ್ತೆ, ಬಸಣ್ಣನ ತಾಯಿ. ನನ್ನನ್ನು ನೋಡಿ ಮಹಾದೇವಿ ಎದ್ದು ನಿಂತಳು.

"ಏನಾಗಿತ್ರಿ ಬಾಯಾರ ಅವ್ರಿಗಿ? ಹುಣ್ಣು ಹ್ಯಾಂಗ ಆತ್ರಿ?"

ನಾನು ಆಡಿದ ಮಾತು ಇದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ: "ಖಾರ ಬಿಡಿ ಬಿಡಿ ಅಂತ ಎಷ್ಟೋ ಸಲ ಹೇಳಿದ್ದೆ ಕಣಮ್ಮ."

ಅರ್ಧ ನಂಬಿಕೆಯಿಂದ, ಅರ್ಧ ಹೆದರಿಕೆಯಿಂದ ಹೇಳಿದೆ. ಅತ್ತೆ ಸೊಸೆಯ ಕಡೆ ತಿರುಗಿ ನೋಡಿದ್ದು ನನಗೆ ಕಾಣಿಸಿತು. ಕಂಡೂ ಬಂದುಬಿಟ್ಟೆ.

ಕಾರ್ಖಾನೆಯಲ್ಲಿ ವಿಚಾರಣೆ ಎಂಬುದು ಹತ್ತು ನಿಮಿಷ ನಡೆಯಿತು. ನಮ್ಮ ಡಾಕ್ಟರು ಕಂಪ್ಯೂಟರ್ ನೋಡಿ, "ನೋವು ಇಲ್ಲ ಅಂತಲೇ ಇದೆಯಲ್ಲ, ನಿಮ್ಮ ತಪ್ಪೇನಿಲ್ಲ ಸಿಸ್ಟರ್" ಎಂದರು. ಮ್ಯಾನೇಜರ್ ತಲೆಯಾಡಿಸಿದರು. ನಾನೂ ಸುಮ್ಮನಿದ್ದೆ. ಮಾತ್ರೆಯ ಡಬ್ಬಿಯನ್ನು ಮೇಜಿನಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪ್ರೆಸ್ ಶಾಪಿನವರು ಗೊಣಗಿದರು. ಮೂರು ತಿಂಗಳಲ್ಲಿ ಕೆಲಸ ಬಿಟ್ಟೆ.

ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೋಣೆಗೆ ಬೇಕೆಂದೇ ಸೇರಿದೆ. ನಾನು ಕಾಣದೆ ಹೋದದ್ದನ್ನು ಕಣ್ಣಾರೆ ನೋಡಬೇಕಿತ್ತು. ಆರೋಗ್ಯವಂತ ಹೊಟ್ಟೆಯ ಒಳಗೋಡೆ ಎಷ್ಟು ಚೆಂದವೆಂದರೆ, ತೊಳೆದ ಗುಲಾಬಿ ಎಸಳಿನ ಹಾಗೆ ಒದ್ದೆಯಾಗಿ ಹೊಳೆಯುತ್ತದೆ. ಅಲ್ಲಿನ ಡಾಕ್ಟರ್ ಸ್ಮಿತಾ ದಾವಣಗೆರೆ ಕಡೆಯ ಹುಡುಗಿ, ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು. ಯಂತ್ರ ತೊಳೆಯುವಾಗಲೂ ಪಾಠ ಹೇಳುತ್ತಿದ್ದಳು.

"ಸಿಸ್ಟರ್, ಹೊಟ್ಟೇಲಿ ಇಷ್ಟು ಆಸಿಡ್ ಇದ್ರೂ ಅದು ತನ್ನನ್ನೇ ಯಾಕೆ ಸುಟ್ಕೊಳ್ಳಲ್ಲ ಹೇಳಿ?"

"ಮೇಲೆ ಲೋಳೆ ಇರುತ್ತಲ್ಲ."

"ಲೋಳೆ ಯಾವಾಗ ಜಾಸ್ತಿ ಬೇಕು ಅಂತ ಅದಕ್ಕೆ ಹೇಳೋರ್ಯಾರು?"

ಅವಳು ವಿವರಿಸಿದಳು. ಒಳಪದರದ ಕೆಳಗೆ ಕೂದಲಿಗಿಂತ ಸಣ್ಣ ನರದ ಎಳೆಗಳು ಹರಡಿಕೊಂಡಿರುತ್ತವೆ. ಲೋಳೆ ದಾಟಿ ಆಸಿಡ್ ಸ್ವಲ್ಪ ಒಳಗೆ ಇಳಿದರೂ ಅವುಗಳಿಗೆ ತಿಳಿಯುತ್ತದೆ. ಉರಿಯುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದೂ ಅವೇ. ಅಷ್ಟಕ್ಕೇ ಸುಮ್ಮನಿರುವುದಿಲ್ಲ. ನಿಂತ ಜಾಗದಲ್ಲೇ ಒಂದು ರಸ ಬಿಡುತ್ತವೆ. ಆ ರಸಕ್ಕೆ ಸುತ್ತಲಿನ ರಕ್ತನಾಳ ಹಿಗ್ಗುತ್ತದೆ, ರಕ್ತ ಬಂದು ಆಸಿಡ್ ಅನ್ನು ತೊಳೆದೊಯ್ಯುತ್ತದೆ, ಜೀವಕೋಶಗಳು ಲೋಳೆ ಹೆಚ್ಚಿಸುತ್ತವೆ, ಗಾಯ ಬೇಗ ಮುಚ್ಚಿಕೊಳ್ಳುತ್ತದೆ. ಇಲಿಗಳಲ್ಲಿ ಆ ನರಗಳನ್ನು ಸಾಯಿಸಿ ನೋಡಿದ್ದಾರಂತೆ, ಅವುಗಳ ಹೊಟ್ಟೆಯಲ್ಲಿ ಹುಣ್ಣು ದೊಡ್ಡದಾಗುತ್ತದೆ, ಬೇಗ ಆರುವುದಿಲ್ಲ.

"ಅಂದ್ರೆ ನೋವು ಹೇಳೋದೂ ಅದೇ ನರ, ಕಾಯೋದೂ ಅದೇ ನರ?"

"ಹೌದು ಸಿಸ್ಟರ್. ನೋವಿನ ಮಾತ್ರೆ ಏನ್ಮಾಡುತ್ತೆ ಗೊತ್ತಾ? ಲೋಳೆ ಮಾಡಿಸೋ ಇನ್ನೊಂದು ವ್ಯವಸ್ಥೇನ ಮುಚ್ಚಿಬಿಡುತ್ತೆ. ಜೊತೆಗೆ ನೋವೂ ಅಡಗುತ್ತೆ. ಗೋಡೆ ತೂತಾಗ್ತಿದ್ರೂ ಮನುಷ್ಯ ಆರಾಮಾಗಿದೀನಿ ಅಂತಾನೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳಿಗೆ ಬಸಣ್ಣನ ಹೆಸರೂ ಗೊತ್ತಿಲ್ಲ, ನನ್ನ ಕೈಲಿದ್ದ ಬ್ರಷ್ ಮಾತ್ರ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳುತ್ತ, ಸುಮ್ಮನೆ ಕೇಳುವವಳಂತೆ ಕೇಳಿದೆ: "ಖಾರ ತಿಂದ್ರೆ ಹುಣ್ಣಾಗುತ್ತಲ್ವಾ ಮೇಡಂ?"

"ಹಂಗೇನಿಲ್ಲ. ಹುಣ್ಣಿದ್ದೋರಿಗೆ ಉರಿ ಜಾಸ್ತಿ ಆಗ್ಬಹುದು. ಆದ್ರೆ ಖಾರ ಹುಣ್ಣು ಮಾಡಲ್ಲ. ತಮಾಷೆ ಏನಂದ್ರೆ, ಮೆಣಸಿನಕಾಯಿ ಮುಟ್ಟೋದೂ ಅದೇ ನರಗಳನ್ನೇ. ಮಿತವಾಗಿದ್ರೆ ಅವನ್ನ ಎಚ್ಚರ ಇಡುತ್ತೆ ಅಂತಾನೂ ಹೇಳ್ತಾರೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಹಾದೇವಿಗೆ ಹೋಗಿ ಹೇಳಬೇಕು ಎಂದು ಅವತ್ತೇ ತೀರ್ಮಾನಿಸಿದೆ. ನಾಳೆ ಹೋಗೋಣ, ಹಬ್ಬ ಕಳೆಯಲಿ, ಮೊಣಕಾಲು ನೋವು, ಅವಳು ಎಲ್ಲಿದ್ದಾಳೋ. ನೆಪಗಳಿಗೇನು ಬರ? ಮುಂದೆ ಆ ಕೋಣೆಯಲ್ಲಿ ಸಾವಿರಾರು ಹೊಟ್ಟೆ ನೋಡಿದೆ. ನೋವೇ ಇಲ್ಲದೆ ಬಂದ ಹುಣ್ಣುಗಳನ್ನು ಕಂಡಾಗಲೆಲ್ಲ ಯಾವ ಮಾತ್ರೆ, ಎಷ್ಟು ದಿನ, ಖಾಲಿ ಹೊಟ್ಟೆಗೋ ಎಂದು ಪೊಲೀಸರಂತೆ ಕೇಳುತ್ತಿದ್ದೆ. ಕೆಲವರು ಬದುಕಿದರು. ಅದರಿಂದ ನನ್ನ ಮನಸ್ಸೇನೂ ಹಗುರಾಗಲಿಲ್ಲ, ಸುಳ್ಳು ಹೇಳಿ ಏನಾಗಬೇಕು.

ನಿವೃತ್ತಿಯಾಗಿ ಕೈ ಖಾಲಿಯಾದ ಮೇಲೆ ನೆಪ ಮುಗಿಯಿತು. ಪ್ರೆಸ್ ಶಾಪಿನ ಹಳಬರೊಬ್ಬರಿಂದ ವಿಳಾಸ ಸಿಕ್ಕಿತು. ಮಹಾದೇವಿ ಹೆಬ್ಬಗೋಡಿಯಲ್ಲಿದ್ದಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಕಳೆದ ತಿಂಗಳು ಒಂದು ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದೆ. ಸಾಲು ಕೋಣೆಗಳ ವಠಾರ, ಕೊನೆಯ ಬಾಗಿಲು. ಗುರುತು ಹಿಡಿದಳು. "ಬರ್ರಿ ಬಾಯಾರ, ಒಳಗ ಬರ್ರಿ" ಎಂದು ಚಾಪೆ ಹಾಸಿದಳು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಚಹಾ ಮಾಡಿ ತಂದು ನನ್ನ ಮುಂದಿಟ್ಟಳು.

ಎಲ್ಲ ಹೇಳಿದೆ. ಖಾಲಿ ಹೊಟ್ಟೆಗೆ ಕೊಟ್ಟ ಮಾತ್ರೆ, ನೋವು ನಿಂತಾಗ ಹಿಗ್ಗಿದ್ದು, ಕಪ್ಪಗೆ ಹೋಗುತ್ತದೆ ಎಂದು ಅವನು ಹೇಳಿದಾಗ ತಲೆ ಎತ್ತದೆ ಕಳಿಸಿದ್ದು. ಕಾರಿಡಾರಿನಲ್ಲಿ ಆಡಿದ ಮಾತು ಸುಳ್ಳೆಂದು ಹೇಳಿದೆ. "ನಿನ್ನ ಖಾರದಿಂದ ಅಲ್ಲ ಕಣಮ್ಮ. ನನ್ನಿಂದ ಆಗಿದ್ದು."

ಮಹಾದೇವಿ ತನ್ನ ಕೈಗಳನ್ನು ನೋಡಿಕೊಂಡಳು.

"ಮಣ್ಣು ಮಾಡಿ ಬಂದ ದಿನಾನ ನಮ್ಮತ್ತಿ ಹೇಳಿದಳ್ರಿ, ನಿನ್ನ ಕೈಯಾನ ಖಾರ ನನ್ನ ಮಗನ್ನ ತಿಂತು, ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ ಅಂತ. ತುಳೀಲಿಲ್ರಿ. ಆಕಿ ಹೇಳಿದ್ದು ಖರೇನ ಅಂತ ನಾನೂ ತಿಳ್ಕೊಂಡಿದ್ದೆ. ನನ್ನ ಮಗಳಿಗಿ ಇವತ್ತಿಗೂ ಖಾರಂದ್ರ ಏನಂತ ಗೊತ್ತಿಲ್ಲ."

"ನಾನೇ ಬಂದು ನಿಮ್ಮತ್ತೆಗೆ ಹೇಳ್ತೀನಿ," ಎಂದೆ. "ಈ ವಾರವೇ ಸಿಂದಗಿಗೆ ಹೋಗೋಣ. ಅವರ ಕಾಲಿಗೆ ಬಿದ್ದು ಹೇಳ್ತೀನಿ."

"ಹ್ವಾದ ವರ್ಷ ತೀರಿಕೊಂಡಳ್ರಿ," ಎಂದಳು. "ಮಣ್ಣಿಗಿ ಹೋಗಿದ್ದೆ. ಮುಖ ನೋಡಾಕ ಬಿಡಲಿಲ್ಲ ಯಾರೂ. ಆಕಿ ಇದ್ದಾಗ ಬರಬೇಕಿತ್ರಿ ನೀವು."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ಬಂದು, ನಾನಿನ್ನೂ ಮುಟ್ಟಿರದ ಚಹಾದ ಲೋಟ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು.